ಮುನಿಯಲ್ಲಮ್ಮನ ಹುತ್ತ

“ಗುಂಡು ಹೊಡೆಸಿ ಸಾಮಿ ಅದಕ್ಕೆ,” ಎಂದಳು ಮುನಿಯಲ್ಲಮ್ಮ. “ನಿನ್ನೇನೂ ಬಂದಿತ್ತು.”

ಚನ್ನರಾಯಪ್ಪ ಅವಳ ಹೊಲದ ಹುತ್ತವನ್ನು ನೋಡಿದ. ಸುತ್ತ ಹಾಕಿದ್ದ ಮುಳ್ಳುಬೇಲಿ ಕಿತ್ತುಹೋಗಿತ್ತು. ಅರಿಸಿನ ಕುಂಕುಮದ ಮೇಲೆ ಸಾಲಾಗಿ ಉಗುರಿನ ಗೀರುಗಳು. ಕರಡಿಯದೇ.

ರಾಯಲ್ಪಾಡಿನ ಗುಡ್ಡಗಳ ಕರಡಿಗಳನ್ನು ಅವನು ಎರಡು ವರ್ಷದಿಂದ ಅಧ್ಯಯನ ಮಾಡುತ್ತಿದ್ದ. ದೇಶದೇಶಗಳ ಕಾಡುಕರಡಿಗಳ ರಕ್ಷಣೆಗೆ ಹಣ ಕೊಡುವ ಹೊರದೇಶದ ಸಂಸ್ಥೆಯೊಂದು ಅವನ ಖರ್ಚು ನೋಡಿಕೊಳ್ಳುತ್ತಿತ್ತು. 1983ರ ಆ ಬೇಸಿಗೆಯಲ್ಲಿ, ನೆರವು ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಸಂಸ್ಥೆಯ ಪ್ರತಿನಿಧಿ ಬಂದಿದ್ದರು. ಕೋಲಾರದಲ್ಲೇ ಅವರ ಕಿವಿಗೆ ಸುದ್ದಿ ಬಿದ್ದಿತ್ತು: ಐದು ವರ್ಷದ ಹಿಂದೆ ಮುನಿಯಲ್ಲಮ್ಮನ ಗಂಡ ದೊಡ್ಡವೆಂಕಟಪ್ಪನನ್ನು ಇದೇ ಕರಡಿ ಎಳೆದುಕೊಂಡು ಹೋಗಿತ್ತು. ಅದು ನಿಜವೆಂದಾದರೆ ನೆರವು ನಿಲ್ಲುತ್ತದೆ. ಕರಡಿಯನ್ನು ಕೊಲ್ಲಲು ಅಪ್ಪಣೆಯೂ ಸಿಗುತ್ತದೆ.

“ಕರಡಿ ಮನುಷ್ಯರನ್ನ ಎಳ್ಕೊಂಡು ಹೋಗಲ್ಲಮ್ಮ. ಪರಚುತ್ತೆ, ಕಚ್ಚುತ್ತೆ, ಬಿಟ್ಟು ಹೋಗುತ್ತೆ.”

“ಹಂಗಾದ್ರೆ ನಮ್ಮೆಜಮಾನ್ರು ಎಲ್ಲಿಗೋದ್ರು? ನೀವೇ ಹೇಳಿ.”

ಅವಳು ಹಣೆಯ ಹಳೆಯ ಗಾಯದ ಮೇಲೆ ಸೆರಗೆಳೆದುಕೊಂಡಳು. ಗಂಡನನ್ನು ಬಿಡಿಸಲು ಹೋದಾಗ ಕರಡಿ ಪರಚಿದ್ದು ಎಂದು ಊರಿಗೆಲ್ಲ ಗೊತ್ತು. ಒಂದೇ ಒಂದು ಗೀರು.

ಪಕ್ಕದ ಹೊಲದ ಆವಲಪ್ಪ ಬೀಡಿ ಆರಿಸಿದ. “ಮೂಳೆ ಬಿಡ್ರಿ, ಅವನ ಸೊಂಟದ ಬೆಳ್ಳಿ ಉಡುದಾರಾನೂ ಸಿಗ್ಲಿಲ್ಲ ಸಾರ್. ಬೆಳ್ಳೀನೇ ಅರಗಿಸ್ಕೊಂಡ ಕರಡಿ ಕಣ್ರೀ ಅದು. ಆ ವರ್ಷಾನೇ ಇಲ್ಲಿ ಹುತ್ತ ಎದ್ದಿದ್ದು. ಈವಮ್ಮನ್ನ ಕಾಯೋಕೆ ನಾಗಪ್ಪ ಬಂದ ಅಂತ ನಾವ್ಯಾರೂ ಗುದ್ದಲಿ ತಾಗಿಸ್ಲಿಲ್ಲ.”

ಶುಕ್ರವಾರ ತಪ್ಪದೆ ಮುನಿಯಲ್ಲಮ್ಮ ಆ ಹುತ್ತಕ್ಕೆ ಹಾಲೆರೆಯುತ್ತಿದ್ದಳು.

ಇಳಿಹೊತ್ತಿಗೆ ಚನ್ನರಾಯಪ್ಪನೂ ಪ್ರತಿನಿಧಿಯೂ ಬಂಡೆಯ ಮರೆಯಲ್ಲಿ ಕುಳಿತರು. ಮಾವಿನ ತೋಪಿನಿಂದ ಕರಡಿ ಇಳಿದು ಬಂತು. ಹುತ್ತದ ಬುಡ ಅಗೆಯಿತು. ಮೂತಿಯನ್ನು ತೂತಿಗೆ ಇಟ್ಟು ಗೆದ್ದಲು ಹೀರತೊಡಗಿತು. ಮಣ್ಣಿನೊಳಗೆ ಯಾರೋ ಉಸಿರೆಳೆಯುತ್ತಿರುವಂಥ ಸದ್ದು. ಪ್ರತಿನಿಧಿ ಮೆಚ್ಚುಗೆಯಿಂದ ತಲೆಯಾಡಿಸಿದರು.

ಮನೆಯ ಕಡೆಯಿಂದ ಮುನಿಯಲ್ಲಮ್ಮ ಉರಿಯುವ ಕೊಳ್ಳಿ ಹಿಡಿದು ಓಡಿಬಂದಳು. ಗಂಡನನ್ನು ತಿಂದಿತೆಂಬ ಪ್ರಾಣಿಯ ಮೂತಿಗೇ ಬೀಸಿದಳು. ಕರಡಿ ಗುಡ್ಡಕ್ಕೆ ಓಡಿತು. ಅವಳು ಅದರತ್ತ ತಿರುಗಿಯೂ ನೋಡಲಿಲ್ಲ. ಮಂಡಿಯೂರಿ, ಚೆದುರಿದ ಮಣ್ಣನ್ನು ಎರಡೂ ಕೈಗಳಿಂದ ಬಾಚಿ ಗುಂಡಿಗೆ ತುಂಬತೊಡಗಿದಳು.

ಚನ್ನರಾಯಪ್ಪ ಬಂಡೆಯ ಮರೆಯಿಂದ ಎದ್ದು ಅವಳ ಬಳಿಗೆ ಬಂದ. ತಾನೂ ಬಗ್ಗಿ ಒಂದು ಬೊಗಸೆ ಮಣ್ಣೆತ್ತಿದ.

“ಮುಟ್ಬೇಡಿ ಸಾಮಿ,” ಎಂದಳು ಅವಳು, ಮೆಲ್ಲಗೆ. “ಮಲಗಿರೋರನ್ನ ಎಬ್ಬಿಸ್ಬಾರ್ದು.”

ಕರಡಿ ನಿರಪರಾಧಿ ಎನ್ನಲು ಅವನಿಗೆ ಬೇಕಿದ್ದ ಸಾಕ್ಷಿ ಬೊಗಸೆಯಲ್ಲೇ ಇತ್ತು: ಮಣ್ಣು ಮೆತ್ತಿ ಕಪ್ಪಾದ ಬೆಳ್ಳಿ ಉಡುದಾರ.