ಹೊತಾರುವಿನ ಕಿಮೊನೊ

ಇಂದು ಮಕಾಬೆಯನ್ನು ಮುಗಿಸಲು ಯಾರೋ ಬರುತ್ತಾರೆ ಎಂಬುದು ನಿಶಿನಾಗೆ ಗೊತ್ತಿತ್ತು. ಯಾರು ಎಂಬುದಷ್ಟೇ ಗೊತ್ತಿರಲಿಲ್ಲ.

‘ಹೊತಾರುವನ್ನು ಕೊಂದವನ ಕತ್ತನ್ನು ನಿಗಾತಾದಲ್ಲಿ ಸೀಳುತ್ತೇನೆ.’ ಪ್ರಕಾಶನದ ಜಾಲತಾಣದಲ್ಲಿ ಓದುಗರ ಅಭಿಪ್ರಾಯಗಳ ನಡುವೆ ಹೀಗೊಂದು ಸಾಲು ಬಂದಿತ್ತು. ಹೆಸರಿಲ್ಲ, ಗುರುತಿಲ್ಲ. ಪೊಲೀಸರು ಇಬ್ಬರು ಪೇದೆಗಳನ್ನು ಕಳಿಸಿ ಕೈತೊಳೆದುಕೊಂಡಿದ್ದರು. ಆ ಪುಣ್ಯಾತ್ಮರೋ ಪುಸ್ತಕದಂಗಡಿಯ ಬಾಗಿಲಲ್ಲಿ ನಿಂತು ಪುಕ್ಕಟೆ ಚಹಾ ಹೀರುತ್ತಿದ್ದರು. ಸಂಪಾದಕನಾದ ತಪ್ಪಿಗೆ ನಿಶಿನಾ ಒಬ್ಬನೇ ಮಕಾಬೆಯ ಸಹಿಗಾಗಿ ಸಾಲಿನಲ್ಲಿದ್ದವರ ಚೀಲಗಳಿಗೆಲ್ಲ ಕೈಹಾಕಿ ನೋಡುತ್ತಿದ್ದ.

ಹೊತಾರು ಬರೀ ಚಿತ್ರದ ಹುಡುಗಿ. ‘ಎಲುಬಿನ ಕೋಟೆ’ ಎಂಬ ಚಿತ್ರಕಾದಂಬರಿ ಮಾಲೆಯ ಒಂಬತ್ತನೇ ಸಂಪುಟದಲ್ಲಿ ಮಕಾಬೆ ಅವಳನ್ನು ಕೊಂದಿದ್ದ. ಕೊಂದದ್ದಾದರೂ ಹೇಗೆ! ದೀಪದ ಹಬ್ಬದ ಸಂಜೆ. ಕಿಮೊನೊ ಉಟ್ಟ ಪುಟ್ಟ ಹುಡುಗಿ, ಬರಿಗಾಲು. ಎಲುಬು ರಾಕ್ಷಸ ಅವಳ ಜುಟ್ಟು ಹಿಡಿದು ನದಿಯವರೆಗೆ ದರದರನೆ ಎಳೆದೊಯ್ಯುತ್ತಾನೆ. ತಲೆಯನ್ನು ಕಲ್ಲಿಗೆ ಅಪ್ಪಳಿಸುತ್ತಾನೆ. ಆಮೇಲೆ ಪುಟದ ತುಂಬ ಬರೀ ಕಪ್ಪು ಮಸಿಯ ರಕ್ತ. ಓದುಗರು ಉಗಿದರು, ಅತ್ತರು, ಮತ್ತೆ ಮತ್ತೆ ಕೊಂಡರು.

ಮಕಾಬೆಗೆ ಈ ನಿಗಾತಾ ಊರಿಗೆ ಬರುವುದೇ ಬೇಡವಾಗಿತ್ತು. ಹರೆಯದಲ್ಲಿ ಇಲ್ಲೇ ಮಕ್ಕಳಿಗೆ ಚಿತ್ರ ಹೇಳಿಕೊಟ್ಟವನು, ಆದರೂ ಬೆದರಿಕೆ ಬರುವ ಮುಂಚಿನಿಂದಲೇ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ನಿಶಿನಾನೇ ಹಟ ಹಿಡಿದು ಕರೆತಂದಿದ್ದ. ಇವನಿಗೇನಾದರೂ ಆದರೆ ನನ್ನ ತಲೆಗೇ ಬರುತ್ತದಲ್ಲ ದೇವರೇ ಎಂದು ಈಗ ಗೊಣಗಿಕೊಳ್ಳುತ್ತಿದ್ದ.

“ಮೇಷ್ಟ್ರೇ, ಆ ನದಿ ಪುಟ ನೋಡಿ ಎರಡು ದಿನ ಅನ್ನ ಸೇರ್ಲಿಲ್ಲ. ಸಖತ್ತಾಗಿತ್ತು!” ಎಂದಳು ಒಬ್ಬ ಕಾಲೇಜು ಹುಡುಗಿ.

“ನನ್ನ ಸೊಸೆ ಪುಸ್ತಕಾನ ಕಸಕ್ಕೆ ಹಾಕಿದ್ಲು. ನಾನು ಬಿಡ್ತೀನಾ? ಇನ್ನೊಂದು ಕೊಂಡೆ,” ಎಂದಳು ಒಬ್ಬ ಮುದುಕಿ.

“ಆರನೇ ಸಂಪುಟದಲ್ಲಿ ರಾಕ್ಷಸನಿಗೆ ಒಂದು ಬೆರಳು ಜಾಸ್ತಿ ಇದೆ, ಮೇಷ್ಟ್ರೇ,” ಎಂದ ಒಬ್ಬ ಬೊಜ್ಜಿನವನು.

“ಹೌದಾ? ನನ್ನ ತಲೆಗಿಷ್ಟು! ಮುಂದಿನ ಮುದ್ರಣದಲ್ಲಿ ಕತ್ತರಿಸಿ ಬಿಸಾಕ್ತೀನಿ ಬಿಡಪ್ಪ,” ಎಂದು ಮಕಾಬೆ ನಕ್ಕ. ತಪ್ಪು ತೋರಿಸಿದರೆ ಬೇಸರಪಡುವ ಮನುಷ್ಯನಲ್ಲ. ಪಕ್ಕದಲ್ಲಿ ಅಂಗಡಿಯ ನೌಕರ ಸೆರಿಜಾವಾ ಹೊಸ ಪುಸ್ತಕಗಳ ಕಟ್ಟು ಬಿಚ್ಚುತ್ತ, ಒಂದೊಂದೇ ಪ್ರತಿ ಮುಂದಿಡುತ್ತಿದ್ದ.

ಆಗ ಅವಳು ಬಂದಳು. ಮೂವತ್ತು ದಾಟಿದ ಹೆಂಗಸು, ಹೆಸರು ಕುಗಾ ಮಿನೆಕೊ. ನಿಶಿನಾ ತಟ್ಟನೆ ಗುರುತು ಹಿಡಿದ. ಅಕಿತಾ ಊರಿನ ಸಹಿ ಕಾರ್ಯಕ್ರಮದಲ್ಲೂ ಇವಳಿದ್ದಳು, ಸೆಂದಾಯಿಯಲ್ಲೂ ಇದ್ದಳು. ಹತ್ತಿರ ಬಂದು ಒಂದು ಮಾತೂ ಆಡದೆ ಮಕಾಬೆಯ ಕೈಗಳನ್ನೇ ನೋಡಿ ಹೋಗಿದ್ದಳು. ಇವಳೇ, ಅನುಮಾನವೇ ಇಲ್ಲ. ಚೀಲ ತಡಕಿದ. ಒಂಬತ್ತನೇ ಸಂಪುಟ ಬಿಟ್ಟರೆ ಏನೂ ಇರಲಿಲ್ಲ.

ಅವಳು ಪುಸ್ತಕ ಬಿಡಿಸಿದಳು. ಅದು ತಾನಾಗಿಯೇ ನದಿಯ ಪುಟಕ್ಕೆ ತೆರೆದುಕೊಂಡಿತು.

“ಮೇಷ್ಟ್ರೇ, ಇಲ್ಲಿ ಹೊತಾರು ಇನ್ನೂ ಬದುಕಿದ್ದಾಳೆ. ಆದ್ರೆ ಕಿಮೊನೊದಲ್ಲಿ ಬಲಗಡೆ ಪದರ ಮೇಲೆ ಬಂದಿದೆ. ಹೆಣಕ್ಕಲ್ವಾ ಹಾಗೆ ಉಡಿಸೋದು? ತಪ್ಪಾಗಿದೆ ಅಲ್ವಾ?”

ಮಕಾಬೆಯ ಲೇಖನಿ ನಿಂತಿತು. “ತಪ್ಪೇನಿಲ್ಲ.”

“ಎಲ್ರೂ ತಪ್ಪು ಅಂತಾರೆ.”

“ಎಲ್ರೂ ಏನಾದ್ರೂ ಬೊಗಳ್ಕೊಳ್ಳಿ!” ಮಕಾಬೆ ಮೇಜು ಗುದ್ದಿದ. “ಅದು ಹಾಗೇ ಇತ್ತು!”

ಅಯ್ಯೋ, ಮತ್ತೆ ಇದೇ ರಾಮಾಯಣ ಎಂದು ನಿಶಿನಾ ಹಣೆ ಚಚ್ಚಿಕೊಂಡ. ಬದುಕಿದ್ದವರಿಗೆ ಎಡಗಡೆ ಪದರವೇ ಮೇಲೆ ಬರಬೇಕೆಂದು ನೂರಾರು ಓದುಗರು ಬರೆದಿದ್ದರು. ಮರುಮುದ್ರಣಕ್ಕೆ ತಿದ್ದಿಸಿದರೆ, ಮಕಾಬೆ ತಿದ್ದಿದ ಹಾಳೆಯನ್ನು ಹರಿದು ಮುಖಕ್ಕೆ ಎಸೆದಿದ್ದ. ಬೆರಳಾದರೆ ಕತ್ತರಿಸುತ್ತಾನಂತೆ, ಪದರ ಮಾತ್ರ ಮುಟ್ಟಕೂಡದಂತೆ. ಕಲಾವಿದರ ಹುಚ್ಚಿಗೆ ಮದ್ದುಂಟೇ?

ನಿಶಿನಾ ಮಿನೆಕೊಳ ತೋಳು ಹಿಡಿದು ಪಕ್ಕಕ್ಕೆ ಎಳೆದ. ಎಡವಟ್ಟಾದದ್ದು ಅಲ್ಲೇ.

“ಹೊತಾರುನ ಕೊಂದ್ಯಲ್ಲೋ, ಪಾಪಿ!”

ಸೆರಿಜಾವಾ. ಇಷ್ಟು ಹೊತ್ತೂ ಎಲ್ಲರ ಕಣ್ಣೆದುರೇ ಕಟ್ಟು ಬಿಚ್ಚುತ್ತಿದ್ದ ಚಾಕು ಮಕಾಬೆಯ ಭುಜದೊಳಗೆ ಹಿಡಿಯವರೆಗೆ ಇಳಿಯಿತು. ಮೇಜು ಉರುಳಿತು. ಮಕಾಬೆ ಕುರ್ಚಿಸಮೇತ ಬಿದ್ದ. ಸೆರಿಜಾವಾ ಅವನ ಎದೆಯ ಮೇಲೆ ಮಂಡಿಯೂರಿ, ಚಾಕು ಕಿತ್ತು, ಕುತ್ತಿಗೆಗೆ ಗುರಿಯಿಟ್ಟು ಎತ್ತಿದ.

ನುಗ್ಗಿದವಳು ಮಿನೆಕೊ. ಇಳಿಯುತ್ತಿದ್ದ ಅಲಗನ್ನು ಬರಿಗೈಯಲ್ಲಿ ಹಿಡಿದಳು. ಸೆರಿಜಾವಾ ಎಳೆದ, ಅವಳ ಬೆರಳುಗಳು ಮೂಳೆಯವರೆಗೆ ಸೀಳಿದವು. ಅವಳು ಬಿಡಲಿಲ್ಲ. ಅವನ ಮಣಿಕಟ್ಟಿಗೆ ಹಲ್ಲು ನೆಟ್ಟಳು. ಅಷ್ಟರಲ್ಲಿ ನಿಶಿನಾ ಕುರ್ಚಿ ಎತ್ತಿ ಅವನ ತಲೆಗೆ ಬಾರಿಸಿದ, ಒಮ್ಮೆ ಅಲ್ಲ, ಅವನು ಅಲ್ಲಾಡದಂತಾಗುವವರೆಗೆ. ಪೇದೆಗಳು ಚಹಾದ ಲೋಟ ಬಿಸಾಡಿ ಓಡಿ ಬಂದು ಅವನಿಗೆ ಕೋಳ ತೊಡಿಸಿದರು.

ಮಿನೆಕೊ ಮಕಾಬೆಯ ಗಾಯವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಇಬ್ಬರ ರಕ್ತವೂ ಬೆರೆತು ಪುಸ್ತಕಗಳ ಮೇಲೆ ಹರಿಯುತ್ತಿತ್ತು.

“ಸಾಯ್ಬೇಡಿ. ನೀವು ಸಾಯ್ಲೇಬಾರ್ದು,” ಎಂದು ಹಲ್ಲುಕಚ್ಚಿ ಹೇಳುತ್ತಿದ್ದಳು.

ನಿಶಿನಾಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಇಂಥವಳನ್ನು ಕೊಲೆಗಾತಿ ಎಂದುಕೊಂಡೆನಲ್ಲ! ರಕ್ತದ ನೆಲಕ್ಕೇ ಹಣೆ ಹಚ್ಚಿದ. “ಅಮ್ಮಾ, ತಪ್ಪಾಯ್ತು. ಮೇಷ್ಟ್ರ ಜೀವ ಉಳಿಸಿದ್ರಿ. ಇಂಥ ಅಭಿಮಾನೀನ ನಾನೆಲ್ಲೂ ನೋಡಿಲ್ಲ.”

ಮಿನೆಕೊ ಅವನತ್ತ ನೋಡಲಿಲ್ಲ. ಪೇದೆಯನ್ನು ಕರೆದಳು.

“ಇನ್ನೊಂದು ಕೋಳ ತನ್ನಿ. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರಲ್ಲಿ ದೀಪದ ಹಬ್ಬಕ್ಕೆ ನನ್ನ ತಂಗಿ ಸುಝುಗೆ ಕಿಮೊನೊ ಉಡಿಸಿದ್ದು ನಾನು. ನಾನೂ ಚಿಕ್ಕೋಳು, ಗೊತ್ತಾಗ್ದೆ ಬಲಗಡೆ ಪದರಾನೇ ಮೇಲೆ ಹಾಕ್ಬಿಟ್ಟೆ. ಅವಳ ಚಪ್ಪಲಿ ತರೋಕೆ ಒಳಗೆ ಹೋಗಿ ಬರೋಷ್ಟ್ರಲ್ಲಿ ಬಾಗಿಲಲ್ಲಿ ಅವಳಿರ್ಲಿಲ್ಲ. ಬೆಳಿಗ್ಗೆ ನದೀಲಿ ಹೆಣ ಸಿಕ್ತು. ಕಿಮೊನೊ ಇವತ್ತಿಗೂ ಸಿಕ್ಕಿಲ್ಲ. ನನ್ನ ತಪ್ಪಿಗೆ ಹೆದರಿ ನಾನು ಯಾರ ಹತ್ರಾನೂ ಬಾಯಿಬಿಟ್ಟಿಲ್ಲ.”

ಅವಳು ಮಕಾಬೆಯ ಗಾಯವನ್ನು ಇನ್ನಷ್ಟು ಒತ್ತಿದಳು.

“ಆ ಪದರ ನೋಡಿದ್ದು ನಾನೊಬ್ಳು. ಇನ್ನೊಬ್ಬ, ಅವಳನ್ನ ಕೊಂದೋನು.”