ಬಿಚ್ಚಿ ತಂದ ನಳ

ಗೋದುಬಾಯಿ ಕೈಚೀಲದಿಂದ ನಳವನ್ನು ತೆಗೆದು ಶಾಸಕರ ಮೇಜಿನ ಮೇಲೆ ಟಣ್ಣೆಂದು ಇಟ್ಟಳು. ಪೂಜೆಯ ದಿನ ಸುತ್ತಿದ್ದ ಚೆಂಡುಹೂವಿನ ಮಾಲೆ ಅದರ ಕೊರಳಲ್ಲೇ ಒಣಗಿತ್ತು. ಪಕ್ಕದಲ್ಲಿ ಶಾಸಕರ ಕಚೇರಿಯ ಸುದ್ದಿಪತ್ರವನ್ನು ಹರವಿದಳು. ‘ಮನೆ ಬಾಗಿಲಿಗೆ ನೀರು’ ಎಂಬ ತಲೆಬರಹದ ಕೆಳಗಿನ ಫೋಟೋದಲ್ಲಿ ಅದೇ ನಳ, ಅದೇ ಮಾಲೆ, ಕೈಮುಗಿದು ನಿಂತ ಅವಳೇ.

“ಬಿಚ್ಚಿ ತಂದ್ರ ನೀರು ಹೆಂಗ ಬರ್ತೈತಿ ಯವ್ವಾ?” ಎಂದು ಪಕ್ಕದಲ್ಲಿ ಕುಳಿತಿದ್ದ ನೀರು ಸರಬರಾಜಿನ ಎಂಜಿನಿಯರ್ ನಕ್ಕರು. “ಅಂಗಳದಾಗ ಇದ್ದಾಗೂ ಹಿಂಗ ಇತ್ರಿ. ಮೂರು ತಿಂಗಳಾತು, ಒಂದು ಹನಿ ಬಂದಿಲ್ಲ,” ಎಂದಳು ಗೋದುಬಾಯಿ. ಜನಸಂಪರ್ಕ ಸಭೆಗೆ ಬಂದವರೆಲ್ಲ ಹೋ ಎಂದರು. ಶಾಸಕರು ಮಾತ್ರ ನಗಲಿಲ್ಲ. “ಈಗ, ನನ್ನ ಮುಂದ ಫೋನ್ ಹಚ್ಚರಿ,” ಎಂದರು. ಎಂಜಿನಿಯರ್ ಊರಿನ ವಾಟರ್‌ಮನ್‌ಗೆ ಹಚ್ಚಿದರು. “ಆ ಕೇರಿಗೆ ನೀರು ಬಿಡು ಅಂತ ನನಗ ಯಾರೂ ಹೇಳೇ ಇಲ್ರಿ,” ಎಂದ ಅವನು. “ಈಗ ಹೇಳಾಕತ್ತೀನಿ, ಬಿಡು,” ಎಂದರು ಎಂಜಿನಿಯರ್.

ಗೋದುಬಾಯಿ ಮೇಜಿನ ಮುಂದೆ ನೆಲಕ್ಕೇ ಕುಳಿತುಬಿಟ್ಟಳು. ಉಳಿದವರ ಅರ್ಜಿಗಳು ಅವಳ ತಲೆಯ ಮೇಲಿಂದಲೇ ದಾಟಿದವು. ಅರ್ಧ ತಾಸಿಗೆ ಅವಳ ಫೋನ್ ಕೂಗಿತು. ಸೊಸೆ ಮಧುಮತಿಯ ದನಿ ಸಭೆಗೆಲ್ಲ ಕೇಳಿಸಿತು: “ಅತ್ತ್ಯಾರ, ನಳ ಯಾಕ ಒಯ್ದ್ರಿ! ಪೈಪಿನಾಗಿಂದ ನೀರು ಚಿಮ್ಮಾಕತ್ತೈತಿ, ಕೈ ಒತ್ತಿ ಹಿಡಿದ್ರೂ ನಿಲ್ಲವಲ್ದು!”

ಸಭೆ ಚಪ್ಪಾಳೆ ಹೊಡೆಯಿತು. ಗೋದುಬಾಯಿ ಎದ್ದು, ಒಣ ಮಾಲೆಯನ್ನು ಹರಿದು ಸುದ್ದಿಪತ್ರದ ಮೇಲೆ ಬಿಟ್ಟು, ನಳವನ್ನು ಚೀಲಕ್ಕೆ ಹಾಕಿಕೊಂಡಳು. ಕಚೇರಿಯ ಫೋಟೋಗ್ರಾಫರ್ ಅಡ್ಡ ಬಂದು, “ಸಾಹೇಬ್ರ ಜೋಡಿ ಒಂದು ಫೋಟೋ ಯವ್ವಾ,” ಎಂದ. ಅವಳು ಆಗಲೇ ಬಾಗಿಲು ದಾಟುತ್ತಿದ್ದಳು.

“ನಮ್ಮ ಅಂಗಳಕ್ಕ ಬಾರಪ್ಪಾ. ಈ ಸಲ ನೀರಿಂದು ತೆಗಿ.”