ಯಾರೂ ಕಂಡರಿಯದ ಗಿಡ

ಸಸ್ಯಶಾಸ್ತ್ರದ ಪ್ರೊಫೆಸರ್ ವಾಮದೇವಪ್ಪನವರು ಕಾಡಿನಲ್ಲಿ ಯಾರೂ ಕಂಡರಿಯದ ಗಿಡವೊಂದನ್ನು ಪತ್ತೆ ಮಾಡಿ, ಅದಕ್ಕೆ ತಮ್ಮ ತಂದೆಯ ಹೆಸರಿಟ್ಟಿದ್ದರು. ವಿಶ್ವವಿದ್ಯಾಲಯದ ಸಭೆಯಲ್ಲಿ ಅದರ ಬಗ್ಗೆ ಮಾತನಾಡುತ್ತಿದ್ದಾಗ ಭಾಷಾಶಾಸ್ತ್ರದ ಸಂಶೋಧಕಿ ಇಂದುಶ್ರೀ ಎದ್ದು ನಿಂತಳು.

"ಸರ್, ಸೋಲಿಗರ ಮಾತಲ್ಲಿ ಈ ಗಿಡಕ್ಕೆ ಆಗಲೇ ಹೆಸರಿದೆ. ನನ್ನ ಪದಕೋಶದಲ್ಲಿ ಸೇರಿಸಿದೀನಿ."

"ಮುದುಕಿಯರ ಹರಟೆ ಬರ್ಕೊಳ್ಳೋದು ಸಂಶೋಧನೆ ಅಲ್ಲಮ್ಮ. ನಿಮ್ಮ ವಿಭಾಗಾನೇ ಮುಚ್ಚಿಸ್ಬೇಕು. ಕೂತ್ಕೋ."

ಸಭೆ ನಕ್ಕಿತು. ಇಂದುಶ್ರೀ ಕೂರಲಿಲ್ಲ.

"ಆ ಹೆಸರು ಹೇಳಿದವರನ್ನೇ ಕರ್ಕೊಂಡು ಬಂದಿದೀನಿ ಸರ್."

"ಓಹೋ, ಸಾಕ್ಷಿ ಬೇರೆ! ಎಲ್ಲಿ, ಗುರುತಿಸಲಿ ನೋಡೋಣ." ಪ್ರೊಫೆಸರರು ಗಿಡವನ್ನು ಒಣಗಿಸಿ ಅಂಟಿಸಿದ್ದ ಹಾಳೆಯನ್ನು ಮುಂದಕ್ಕೆ ತಳ್ಳಿದರು.

ಕೊನೆಯ ಸಾಲಿನಲ್ಲಿ ಕುಳಿತಿದ್ದ ಸೋಲಿಗರ ಮುದುಕಿ ಕೇತಮ್ಮ ಮೆಲ್ಲಗೆ ನಡೆದು ಬಂದಳು. ಹಾಳೆಯನ್ನೊಮ್ಮೆ ನೋಡಿದಳು. ಆಮೇಲೆ ತಲೆಯೆತ್ತಿ ಪ್ರೊಫೆಸರರನ್ನು ನೋಡಿದಳು. ಅವಳ ಮುಖ ಅರಳಿತು.

"ಅಯ್ಯೋ, ನೀವಾ ಸಾಮಿ! ಹೋದ ವರ್ಸ ಕಾಡಲ್ಲಿ ಬಿದ್ದಿದ್ರಲ್ಲಾ, ಅವತ್ತು ನಾನು ಅರ್ದು ಕಟ್ಟಿದ್ದು ಇದೇ ಸೊಪ್ಪಲ್ವಾ? ಕಾಲಿನ ಗಾಯ ಮಾಯ್ತಾ?"